ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಬಗ್ಗಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಗಾದೆ ಹೇಳಿದವರು ಗೆದ್ದರು, ಕುಣಿಯುವವಳು ಸೋತಳು, ಮಾತು ಮುಗಿಯಿತು. ತರಗತಿಯಲ್ಲಿ, ಪ್ರಯೋಗಾಲಯದಲ್ಲಿ, ಸಂಗೀತದ ಪಾಠದಲ್ಲಿ ಎಲ್ಲ ಕಡೆ ಈ ಗಾದೆಯ ನೆರಳಿದೆ. ನಾನಿಲ್ಲಿ ಅದನ್ನು ಎದುರಿಸಲು ಆಯ್ದುಕೊಂಡಿರುವ ಜಾಗ ಮಾತ್ರ ಸಾಹಿತ್ಯದ ಓದುಗರಿಗೆ ತುಸು ಅಪರಿಚಿತ. ಅದು ಸರ್ಫ್ ಬೋರ್ಡಿನ ತಳ.

ಆರಡಿ ಆಸುಪಾಸಿನ, ಮೂತಿ ಚೂಪಾದ ಬೋರ್ಡಿಗೆ ಶಾರ್ಟ್‌ಬೋರ್ಡ್ ಎನ್ನುತ್ತಾರೆ. ಅಲೆಯ ಮೈಮೇಲೆ ಚಕಚಕನೆ ತಿರುಗುವುದಕ್ಕೆಂದೇ ಹುಟ್ಟಿದ ಹಲಗೆ ಅದು. ಹಾಗಿದ್ದೂ ಕಲಿಯುವವರಿಂದ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ಬೋರ್ಡ್ ತಿರುಗುತ್ತಿಲ್ಲ. ಇದಕ್ಕೆ ಎರಡು ಕಡೆಯಿಂದ ಉತ್ತರ ಬರುತ್ತದೆ. ಒಂದು ಗುರುಗಳ ಕಡೆಯದು: ಮೊಣಕಾಲು ಬಗ್ಗಿಸು, ಭುಜ ತಿರುಗಿಸು, ಹಿಂದಿನ ಕಾಲನ್ನು ಇನ್ನೂ ಹಿಂದಕ್ಕಿಡು, ಬೋರ್ಡಿನ ಮೇಲೆ ತಪ್ಪು ಹೊರಿಸಬೇಡ. ಇನ್ನೊಂದು ಅಂಗಡಿಯ ಕಡೆಯದು: ಈ ಚಾಂಪಿಯನ್ ಬಳಸುವ ಫಿನ್ ಕೊಂಡುಕೋ, ಎಲ್ಲ ಸರಿಹೋಗುತ್ತದೆ. ಒಬ್ಬರು ದೇಹವನ್ನಷ್ಟೇ ನೋಡುತ್ತಾರೆ, ಇನ್ನೊಬ್ಬರು ಜೇಬನ್ನಷ್ಟೇ. ಇಬ್ಬರೂ ಬೋರ್ಡನ್ನು ಮಗುಚಿ ಹಾಕಿ, ಅದರಡಿ ಕೂತ ಮೂರು ಫಿನ್‌ಗಳು ಏನು ಮಾಡುತ್ತಿವೆ ಎಂದು ನೋಡುವುದಿಲ್ಲ.

ನೋಡದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಒಂದು ಕೆಟ್ಟ ರೂಪಕ. ಈ ಬರಹ ಸಾಹಿತ್ಯ ಪತ್ರಿಕೆಗೆ ಸಲ್ಲುವುದೂ ಅದೇ ಕಾರಣಕ್ಕೆ. ಫಿನ್ ಎಂದರೇನು ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ: ಅದು ಬೋರ್ಡಿನ ಚುಕ್ಕಾಣಿ. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ತಪ್ಪು. ಚುಕ್ಕಾಣಿ ತಾನು ತಿರುಗಿ ದೋಣಿಯನ್ನು ತಿರುಗಿಸುತ್ತದೆ. ಬೋರ್ಡಿನ ಫಿನ್ ತಿರುಗುವುದೇ ಇಲ್ಲ. ತಳಕ್ಕೆ ಬಿಗಿದ ಅದು ಇದ್ದಲ್ಲೇ ಇರುತ್ತದೆ. ಬೋರ್ಡನ್ನು ತಿರುಗಿಸುವುದು ಸವಾರರ ಪಾದ. ಹಿಂಗಾಲಿನ ಒತ್ತಡಕ್ಕೆ ಹಲಗೆಯ ಒಂದು ಅಂಚು ನೀರಿಗಿಳಿಯುತ್ತದೆ, ಬಾಗಿದ ತಳ ಬಾಗಿದ ದಾರಿ ಹಿಡಿಯುತ್ತದೆ. ಆಗ ಬಾಲದ ಭಾಗ ಅಡ್ಡಡ್ಡ ಜಾರಿ ಹೋಗದಂತೆ ನೀರನ್ನು ಕಚ್ಚಿ ಹಿಡಿಯುವುದು ಫಿನ್‌ನ ಕೆಲಸ. ಅಂದರೆ ಅದು ತಿರುಗಿಸುವ ಅಂಗವಲ್ಲ, ಹಿಡಿದುಕೊಳ್ಳುವ ಅಂಗ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಹವಾಯಿ ದ್ವೀಪಗಳ ಹಳೆಯ ಅಲಾಯಾ, ಓಲೋ ಹಲಗೆಗಳಿಗೆ ಫಿನ್ ಇರಲೇ ಇಲ್ಲ. ಫಿನ್ ಇಲ್ಲದೆಯೂ ಜನ ತಲೆಮಾರುಗಳ ಕಾಲ ಅಲೆ ಏರಿದರು. ಕಡಿದಾದ ಅಲೆಯಲ್ಲಿ ಬಾಲ ಜಾರುವುದೊಂದು ತೊಂದರೆಯಾಗಿತ್ತು. 1935ರಲ್ಲಿ ಟಾಮ್ ಬ್ಲೇಕ್ ವೈಕಿಕಿಯಲ್ಲಿ ತನ್ನ ಹಲಗೆಯಡಿ ಲೋಹದ ತುಂಡೊಂದನ್ನು ಜೋಡಿಸಿದ. ಅದು ಬಂದದ್ದು ಸ್ಪೀಡ್‌ಬೋಟ್ ಒಂದರ ಕೀಲ್‌ನಿಂದ ಎಂಬುದು ಸರ್ಫಿಂಗ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳಲಾಗುವ ಸಂಗತಿ. ಕೀಲ್ ಎಂದರೆ ದೋಣಿ ಪಕ್ಕಕ್ಕೆ ಸರಿಯದಂತೆ ತಳದಲ್ಲಿ ಉದ್ದಕ್ಕೆ ಇರುವ ಏಣು. ಗಮನಿಸಿ, ಫಿನ್‌ನ ಮೂಲ ಚುಕ್ಕಾಣಿಯಲ್ಲ, ಕೀಲ್.

ಪದ ಯಾವುದಾದರೇನು ಎನ್ನಬಹುದು. ಆದರೆ ರೂಪಕ ತಪ್ಪಿದರೆ ಲೆಕ್ಕವೂ ತಲೆಕೆಳಗಾಗುತ್ತದೆ. ಫಿನ್ ಚುಕ್ಕಾಣಿಯೆಂದು ನಂಬಿದವರು, ಬೋರ್ಡ್ ತಿರುಗದಿದ್ದಾಗ ಇನ್ನೂ ದೊಡ್ಡ ಫಿನ್ ಹುಡುಕುತ್ತಾರೆ. ದೊಡ್ಡ ಚುಕ್ಕಾಣಿಗೆ ಹೆಚ್ಚು ಬಲವಲ್ಲವೇ? ಫಿನ್ ಹಿಡಿತದ ಅಂಗವೆಂದು ತಿಳಿದವರು ತದ್ವಿರುದ್ಧ ಮಾಡುತ್ತಾರೆ. ಬೋರ್ಡ್ ಹಟ ಹಿಡಿದು ನೇರ ಓಡುತ್ತಿದ್ದರೆ ಅದಕ್ಕೆ ಹಿಡಿತ ಹೆಚ್ಚಾಗಿದೆ, ಹಾಗಾಗಿ ಫಿನ್ ಸಣ್ಣದಾಗಬೇಕು. ಎರಡು ಪದಗಳಿಂದ ಎರಡು ವಿರುದ್ಧ ಖರೀದಿಗಳು ಹುಟ್ಟುತ್ತವೆ. ಅದರಲ್ಲೊಂದು ಕಲಿಯುವವರ ಹಣವನ್ನೂ ಹುಮ್ಮಸ್ಸನ್ನೂ ಒಟ್ಟಿಗೆ ನುಂಗುತ್ತದೆ.

ಹಾಗಾದರೆ ಸುಲಭವಾಗಿ ತಿರುಗಲು ಏನನ್ನು ನೋಡಬೇಕು? ನಾಲ್ಕೈದು ಸಂಗತಿಗಳಿವೆ, ಯಾವುದೂ ರಹಸ್ಯವಲ್ಲ. ಮೊದಲನೆಯದು ಗಾತ್ರ. ಮಧ್ಯಮ ಅಳತೆಯ ಫಿನ್ ಸುಮಾರು 4.5 ಇಂಚು ಆಳ ಇಳಿಯುತ್ತದೆ. ಪ್ರಚಲಿತ ಅಳತೆಪಟ್ಟಿಗಳಲ್ಲಿ ಅದು ಸುಮಾರು 65ರಿಂದ 80 ಕೆ.ಜಿ. ತೂಗುವವರಿಗೆ. ಐವತ್ತೈದು ಕೆ.ಜಿ.ಯ ಹುಡುಗಿ ದೊಡ್ಡ ಅಳತೆಯ ಫಿನ್‌ಗಳ ಮೇಲೆ ನಿಂತು ಬೋರ್ಡ್ ತಿರುಗುತ್ತಿಲ್ಲ ಎಂದರೆ, ಅವಳ ತಂತ್ರವನ್ನು ತಿದ್ದುವ ಮೊದಲು ಅವಳ ಮಾತು ಸತ್ಯವೆಂದು ಒಪ್ಪಿಕೊಳ್ಳಬೇಕು. ಎರಡನೆಯದು ಬುಡದ ಉದ್ದ, ಅಂದರೆ ಫಿನ್ ಬೋರ್ಡಿಗೆ ತಾಗುವ ಕಡೆಯ ಅಳತೆ. ಬುಡ ಉದ್ದವಾದಷ್ಟೂ ಓಟ ನೇರ, ಕಡಿಮೆಯಾದಷ್ಟೂ ಬಾಲ ಸಡಿಲ. ಮೂರನೆಯದು ಹಿಂಬಾಗು. ತುದಿ ಹಿಂದಕ್ಕೆ ಚಾಚಿಕೊಂಡ ಫಿನ್ ಉದ್ದನೆಯ, ಎಳೆದ ತಿರುವನ್ನು ಕೊಡುತ್ತದೆ. ನೆಟ್ಟಗೆ ನಿಂತ ಫಿನ್ ಬೋರ್ಡನ್ನು ನಿಂತ ಜಾಗದಲ್ಲೇ ಗಿರಕಿ ಹೊಡೆಸುತ್ತದೆ. ಚಿಕ್ಕ ಅಲೆಯ ಇಕ್ಕಟ್ಟಿನಲ್ಲಿ ಬೇಕಾದ್ದು ಈ ಎರಡನೆಯದು.

ನಾಲ್ಕನೆಯದು ಬಾಗುವ ಗುಣ. ಅಗ್ಗದ ಪ್ಲಾಸ್ಟಿಕ್ ಫಿನ್ ಹೆಚ್ಚು ಬಳುಕುತ್ತದೆ, ತಪ್ಪುಗಳನ್ನು ಕ್ಷಮಿಸುತ್ತದೆ, ಆದರೆ ಜೋರಾಗಿ ಒತ್ತಿದಾಗ ಕೈಕೊಡುತ್ತದೆ. ಗಟ್ಟಿ ಫೈಬರ್‌ಗ್ಲಾಸ್ ಕೂಡಲೇ ಸ್ಪಂದಿಸುತ್ತದೆ, ಹಾಗೆಯೇ ಸವಾರರ ಎಡವಟ್ಟುಗಳನ್ನೂ ಕೂಡಲೇ ಬಯಲಿಗೆಳೆಯುತ್ತದೆ. ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಹಿಂದಿನ ನಡು ಫಿನ್. ಮೂರರ ಜೋಡಣೆಯಲ್ಲಿ ಬಾಲವನ್ನು ಕಚ್ಚಿ ಹಿಡಿಯುವುದು ಮುಖ್ಯವಾಗಿ ಇದೇ. ಮೂರನ್ನೂ ಬದಲಿಸಬೇಕಿಲ್ಲ. ಇದೊಂದನ್ನು ತೆಗೆದು ಸಣ್ಣದನ್ನು ಹಾಕಿದರೂ ಬೋರ್ಡಿನ ಸ್ವಭಾವ ಬದಲಾಗುತ್ತದೆ. ಅಂಗಡಿಗಳು ಪೂರ್ತಿ ಸೆಟ್ ಮಾರಲು ಎಷ್ಟು ಉತ್ಸಾಹ ತೋರುತ್ತವೆಯೋ, ಈ ಒಂದು ತುಂಡಿನ ಮಾತನ್ನು ಅಷ್ಟೇ ಕಡಿಮೆ ಆಡುತ್ತವೆ.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರಲಿ. ಹಿಡಿತ ಕಡಿಮೆಯಾದಷ್ಟೂ ತಿರುವು ಸುಲಭ ಎಂಬುದು ನಿಜವಾದರೆ, ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ 1980ರಲ್ಲಿ ಮೂರನೆಯ ಫಿನ್ ಸೇರಿಸಿದ್ದು ಯಾಕೆ? ಆಗ ಎರಡು ಫಿನ್‌ಗಳ ಬೋರ್ಡಿನ ಕಾಲ. ಅದೇ ಬಗೆಯ ಬೋರ್ಡಿನಲ್ಲಿ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದರು. ಆದರೆ ಎತ್ತರದ, ಭಾರದ ಆಳಾದ ಆಂಡರ್ಸನ್‌ಗೆ ಅದು ಒಗ್ಗಲಿಲ್ಲ. ಒತ್ತಿ ತಿರುಗಿಸಿದರೆ ಬಾಲ ಜಾರುತ್ತಿತ್ತು. ಹಿಂದೆ ಮೂರನೆಯದನ್ನು ಇಟ್ಟು, ನಂಬಿ ಒತ್ತುವಷ್ಟು ಹಿಡಿತ ಪಡೆದುಕೊಂಡರು. 1981ರಲ್ಲಿ ಬೆಲ್ಸ್ ಬೀಚ್, ಸಿಡ್ನಿ, ಹವಾಯಿಯ ಪೈಪ್‌ಲೈನ್ ಮೂರೂ ಕಡೆ ಗೆದ್ದರು. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಇಂದು ಶಾರ್ಟ್‌ಬೋರ್ಡ್ ಎಂದರೆ ಮೂರು ಫಿನ್ ಎಂಬಷ್ಟು ಅದು ಹರಡಿದೆ.

ಈ ಉದಾಹರಣೆ ನನ್ನ ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ. ತಿರುವಿಗೆ ಎರಡು ಹಂತಗಳಿವೆ: ಶುರುಮಾಡುವುದು ಮತ್ತು ಮುಗಿಸುವುದು. ಶುರುಮಾಡಲು ಸಡಿಲ ಬೇಕು, ಮುಗಿಸಲು ಹಿಡಿತ ಬೇಕು. ಆಂಡರ್ಸನ್‌ಗೆ ಕೊರತೆಯಿದ್ದದ್ದು ಎರಡನೆಯದರಲ್ಲಿ. ನಮ್ಮ ಕರಾವಳಿಯ ಮೆತ್ತನೆಯ ಅಲೆಯಲ್ಲಿ ಹಗೂರ ಮೈಯ ಕಲಿಕೆಗಾರರಿಗೆ ಕೊರತೆಯಾಗುವುದು ಹೆಚ್ಚಾಗಿ ಮೊದಲನೆಯದರಲ್ಲಿ. ಒಂದೇ 1981ರಲ್ಲಿ ಇಬ್ಬರು ದೊಡ್ಡ ಸವಾರರು ಎರಡು ಬೇರೆ ಜೋಡಣೆಗಳಲ್ಲಿ ಗೆದ್ದರು. ಚಾಂಪಿಯನ್ ಹೆಸರು ಹೊತ್ತ ಫಿನ್ ಮಾರುವವರು ಮರೆಸಲು ನೋಡುವುದು ಇದನ್ನೇ. ಉತ್ತಮ ಫಿನ್ ಎಂಬುದಿಲ್ಲ. ಈ ಮೈಗೆ, ಈ ಅಲೆಗೆ, ಈ ಹಲಗೆಗೆ ಹೊಂದುವ ಫಿನ್ ಎಂಬುದಿದೆ.

ಇನ್ನು ಗುರುಗಳ ಕಡೆಯವರ ಮಾತು. ಅವರ ವಾದದಲ್ಲಿ ಒಂದು ಸತ್ಯವಿದೆ, ಅದನ್ನು ಕೊಟ್ಟುಬಿಡೋಣ. ಹಿಂಗಾಲು ಫಿನ್‌ಗಳ ಮೇಲೆ ಇಲ್ಲದೆ ಹಲಗೆಯ ನಡುವೆ ನಿಂತಿದ್ದರೆ ಯಾವ ಫಿನ್ ಬಂದರೂ ಬೋರ್ಡ್ ತಿರುಗದು. ಮೊದಲು ಕಾಲು, ಆಮೇಲೆ ಫಿನ್, ಒಪ್ಪಿದೆ. ನನ್ನ ಜಗಳವಿರುವುದು 'ಆಮೇಲೆ' ಎಂಬುದು ಎಂದೂ ಬಾರದಿರುವುದರ ಬಗ್ಗೆ. ಮದ್ದಳೆಗಾರ ಆಟಕ್ಕೆ ಮೊದಲು ಶ್ರುತಿ ಕೂಡಿಸಿದರೆ, ಕೈಯಲ್ಲಿ ವಿದ್ಯೆಯಿಲ್ಲದ್ದಕ್ಕೆ ನೆಪ ಎಂದು ಯಾರೂ ಹಂಗಿಸುವುದಿಲ್ಲ. ಎತ್ತಿನ ಬಲ, ಮಣ್ಣಿನ ಹದ ನೋಡಿ ನೇಗಿಲು ಆರಿಸುವ ರೈತನಿಗೆ ಉಳಲು ಬಾರದು ಎನ್ನುವುದಿಲ್ಲ. ಉಪಕರಣವನ್ನು ಅರಿಯುವುದು ವಿದ್ಯೆಯ ಹೊರಗಲ್ಲ, ವಿದ್ಯೆಯ ಒಂದು ಪಾಲು ಎಂಬುದು ಈ ನೆಲದ ಕಸುಬುಗಳಿಗೆಲ್ಲ ಗೊತ್ತು. ಹೊಸ ಆಟ ಬಂದ ಕೂಡಲೇ ಆ ತಿಳಿವಳಿಕೆಯನ್ನು ಏಕೆ ದಡದಲ್ಲೇ ಬಿಟ್ಟು ನೀರಿಗಿಳಿಯಬೇಕು?

ಬೋರ್ಡಿನ ಆಕಾರವೂ ಮುಖ್ಯವಲ್ಲವೇ ಎಂದು ಕೇಳಬಹುದು. ಮುಖ್ಯವೇ. ತಳದ ಬಾಗು, ಬಾಲದ ಅಗಲ, ಅಂಚಿನ ದಪ್ಪ ಎಲ್ಲವೂ ತಿರುವನ್ನು ನಿರ್ಧರಿಸುತ್ತವೆ. ಆದರೆ ಕೊಂಡ ಬೋರ್ಡಿನಲ್ಲಿ ಅವು ಯಾವುವನ್ನೂ ಬದಲಿಸಲಾಗದು. ಫಿನ್ ಬದಲಿಸಲು ಐದು ನಿಮಿಷ ಸಾಕು. ಬಡವರ ಪಾಲಿಗೆ ಇದು ಸಣ್ಣ ಮಾತಲ್ಲ. ಕೈಬದಲಾಗಿ ಬಂದ ಬೋರ್ಡಿನ ಜೊತೆ ಫಿನ್ ಬಂದಿದ್ದರೆ ಅದು ಹಿಂದಿನವರ ತೂಕಕ್ಕೆ, ಹಿಂದಿನವರ ಅಲೆಗೆ ಆರಿಸಿದ್ದು. ಹೊಸ ಬೋರ್ಡ್ ಕೊಳ್ಳಲಾರದವರಿಗೆ ಅದೇ ಹಳೆಯ ಬೋರ್ಡನ್ನು ತಮ್ಮದಾಗಿಸಿಕೊಳ್ಳುವ ಅತ್ಯಂತ ಅಗ್ಗದ ದಾರಿ ಒಂದು ಸಣ್ಣ ನಡು ಫಿನ್. ಕೊಳ್ಳುವ ಮುನ್ನ ಬೋರ್ಡಿನ ಗೂಡು ಯಾವ ಬಗೆಯದೆಂದು ನೋಡಬೇಕು ಅಷ್ಟೆ. ಎಫ್‌ಸಿಎಸ್ ಗೂಡಿಗೆ ಫ್ಯೂಚರ್ಸ್ ಫಿನ್ ಕೂರುವುದಿಲ್ಲ.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯನ್ನು ಕಂಡಿತು. ಟೋಕಿಯೊ ಒಲಿಂಪಿಕ್ಸ್‌ನಿಂದೀಚೆಗೆ ಇದು ಒಲಿಂಪಿಕ್ ಆಟವೂ ಹೌದು. ನಮ್ಮ ಪತ್ರಿಕೆಗಳು ಇದರ ಬಗ್ಗೆ ಬರೆಯುವಾಗ ಸೂರ್ಯಾಸ್ತ, ಸಾಹಸ, ಪ್ರವಾಸೋದ್ಯಮ ಎಲ್ಲವೂ ಬರುತ್ತವೆ. ಬೋರ್ಡಿನ ತಳ ಮಾತ್ರ ಬರುವುದಿಲ್ಲ. ಕನ್ನಡದಲ್ಲಿ ಕಡಲಿನ ಮೇಲೆ ಕವಿತೆ ಬೇಕಾದಷ್ಟಿದೆ. ಕಡಲಿನಲ್ಲಿ ಬಳಸುವ ವಸ್ತುವೊಂದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುವ ಗದ್ಯ ಬೇಕು. ಅದಿಲ್ಲದ ಕಡೆ ಅಂಗಡಿಯ ಜಾಹೀರಾತೇ ಪಠ್ಯವಾಗುತ್ತದೆ, ಗಾದೆಯೇ ಬೋಧನೆಯಾಗುತ್ತದೆ.

ನನ್ನನ್ನು ನಂಬಬೇಕಿಲ್ಲ, ಪರೀಕ್ಷಿಸಿ. ಅದೇ ಬೋರ್ಡ್, ಅದೇ ಮರಳದಿಣ್ಣೆ, ಅದೇ ಬೆಳಗು. ಇರುವ ಫಿನ್‌ಗಳಲ್ಲೇ ಹತ್ತು ಅಲೆ ಹಿಡಿಯಿರಿ. ದಡಕ್ಕೆ ಬಂದು ನಡು ಫಿನ್ ಒಂದನ್ನೇ ಸಣ್ಣದಕ್ಕೆ ಬದಲಿಸಿ, ಬೇರೇನನ್ನೂ ಮುಟ್ಟದೆ ಮತ್ತೆ ಹತ್ತು. ಬಾಲ ಬೇಗ ಸರಿದರೆ ಅಡ್ಡಿಯಾಗಿದ್ದದ್ದು ಹಿಡಿತ. ಏನೂ ಬದಲಾಗದಿದ್ದರೆ ಗುರುಗಳು ಹೇಳಿದ್ದು ಸರಿ, ಕಾಲಿನ ಪಾಠಕ್ಕೆ ಮರಳಿ. ಬಾಲ ಹತೋಟಿ ತಪ್ಪಿ ಜಾರಿದರೆ ಆಂಡರ್ಸನ್‌ನ ಕಷ್ಟ ನಿಮ್ಮದೂ ಹೌದು, ಹಳೆಯದನ್ನೇ ಹಾಕಿಕೊಳ್ಳಿ. ಮೂರರಲ್ಲಿ ಯಾವ ಉತ್ತರ ಬಂದರೂ ಅದು ನಿಮ್ಮದೇ ಉತ್ತರ.

ಕಲಿಸುವವರಲ್ಲಿ ಕೇಳುವುದೂ ದೊಡ್ಡದೇನಲ್ಲ. ಹುಡುಗಿಯೊಬ್ಬಳು ನೀರಿನಿಂದೆದ್ದು ಬಂದು ಬೋರ್ಡ್ ತಿರುಗುತ್ತಿಲ್ಲ ಎಂದಾಗ, ಅವಳ ಮೊಣಕಾಲಿನ ಬಗ್ಗೆ ಮಾತು ತೆಗೆಯುವ ಮುನ್ನ ಅವಳ ತೂಕ ಎಷ್ಟೆಂದು ಕೇಳಿ. ಆಮೇಲೆ ಬೋರ್ಡನ್ನು ಮರಳಿನ ಮೇಲೆ ಮಗುಚಿ ಹಾಕಿ, ಇಬ್ಬರೂ ಕೂತು ಅದರ ತಳ ನೋಡಿ.