ಸಂಕ ಮುರಿದರೆ ಊರನ್ನೇ ತೊರೆಯಬೇಕೇ?

ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿಸಿದ ಮರುದಿನವೇ ಲ್ಯಾಪ್‌ಟಾಪ್ ಮೊಂಡಾಟ ಆರಂಭಿಸುತ್ತದೆ. ವೈ-ಫೈ ಹಿಡಿಯದು, ಧ್ವನಿ ಹೊರಡದು, ಟಚ್‌ಪ್ಯಾಡ್ ಸ್ಪಂದಿಸದು, ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿದರೆ ಮತ್ತೊಂದು ಮೂಡುತ್ತದೆ. ಬೆಟ್ಟದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಪೇಟೆಯ ಅಂಗಡಿಗೆ ಅದನ್ನು ಹೊತ್ತೊಯ್ದ ವಿದ್ಯಾರ್ಥಿಗೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಇದು ಹಳೆಯದಾಯಿತು, ಹೊಸದು ಕೊಳ್ಳಿ.’ ಯಂತ್ರವನ್ನು ಬಿಚ್ಚಿ ನೋಡುವ ಮೊದಲೇ ಅದಕ್ಕೆ ಮರಣಪತ್ರ ಬರೆಯುವ ಈ ಪರಿಪಾಠವನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದು ಹಣದ ದೃಷ್ಟಿಯಿಂದಲೂ ನೆಲದ ದೃಷ್ಟಿಯಿಂದಲೂ ಅಪರಾಧವೇ ಸರಿ.

ಡ್ರೈವರ್ ಎಂಬುದು ಯಂತ್ರದ ಬಿಡಿಭಾಗವಲ್ಲ. ಆಪರೇಟಿಂಗ್ ಸಿಸ್ಟಮಿಗೂ ವೈ-ಫೈ, ಧ್ವನಿ, ಚಿತ್ರ ಮುಂತಾದ ಚಿಪ್‌ಗಳಿಗೂ ನಡುವೆ ಹಾಕಿದ ಸಂಕ ಅದು. ಮಳೆಗಾಲದ ಹಳ್ಳಕ್ಕೆ ಅಡಿಕೆ ಮರದ ಸಂಕ ತೇಲಿಹೋದರೆ ಆಚೆಯ ಮನೆ ಹಾಳಾಯಿತೆಂದು ಯಾರೂ ಹೇಳುವುದಿಲ್ಲ. ಮತ್ತೆ ನಾಲ್ಕು ಮರ ಕಡಿದು ಸಂಕ ಕಟ್ಟುತ್ತಾರೆ. ಡಿಸ್ಕನ್ನು ಅಳಿಸಿ ಹೊಸ ವಿಂಡೋಸ್ ಹಾಕಿದಾಗ ಹಳೆಯ ಸಂಕಗಳೆಲ್ಲ ಕೊಚ್ಚಿಹೋಗುತ್ತವೆ. ಕೆಲವನ್ನು ಹೊಸ ವ್ಯವಸ್ಥೆ ತಾನೇ ಕಟ್ಟಿಕೊಳ್ಳುತ್ತದೆ, ಉಳಿದವನ್ನು ಕಟ್ಟಿಕೊಡಬೇಕು. ಇಷ್ಟೇ ವಿಷಯ.

ಆದರೆ ಈ ಸರಳ ವಿಷಯದ ಸುತ್ತ ಒಂದು ದಂಧೆಯೇ ಬೆಳೆದುನಿಂತಿದೆ. ‘ನಿಮ್ಮ ಯಂತ್ರದಲ್ಲಿ ಇಷ್ಟು ಡ್ರೈವರ್‌ಗಳು ಹಳತಾಗಿವೆ’ ಎಂದು ಹೆದರಿಸಿ ಹಣ ಕೀಳುವ, ಜೊತೆಗೆ ಬೇಡದ ತಂತ್ರಾಂಶಗಳನ್ನು ಒಳನುಗ್ಗಿಸುವ ‘ಡ್ರೈವರ್ ಅಪ್‌ಡೇಟರ್’ಗಳು ಒಂದು ಕಡೆ. ನಾಲ್ಕೈದು ವರ್ಷ ಕಳೆದ ಮಾದರಿಗೆ ಹೊಸ ಡ್ರೈವರ್ ಬರೆಯುವುದನ್ನೇ ನಿಲ್ಲಿಸಿಬಿಡುವ ತಯಾರಕರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಸಿಕ್ಕ ಬಳಕೆದಾರನಿಗೆ ತನ್ನ ಯಂತ್ರದಲ್ಲಿರುವ ಚಿಪ್ ಯಾವುದೆಂಬುದೂ ತಿಳಿಯದಂತೆ ನೋಡಿಕೊಳ್ಳಲಾಗಿದೆ.

ಅದನ್ನು ತಿಳಿಯುವುದೇನೂ ಬ್ರಹ್ಮವಿದ್ಯೆಯಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಿದ್ದ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಸಾಕು. ‘ವಿಇಎನ್’ ಎಂಬುದರ ಮುಂದೆ 8086 ಎಂದಿದ್ದರೆ ಆ ಚಿಪ್ ಇಂಟೆಲ್‌ನದು (1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯನ್ನೇ ಆ ಕಂಪನಿ ಗುರುತಾಗಿ ಇಟ್ಟುಕೊಂಡಿದೆ). 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಇ4 ಎಂದಿದ್ದರೆ ಬ್ರಾಡ್‌ಕಾಮ್. ಅದರ ಮುಂದಿನ ‘ಡಿಇವಿ’ ಸಂಖ್ಯೆ ಚಿಪ್ಪಿನ ಮಾದರಿಯನ್ನು ಹೇಳುತ್ತದೆ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಲ್ಯಾಪ್‌ಟಾಪಿನ ತಯಾರಕ ಕೈಬಿಟ್ಟರೂ ಚಿಪ್ಪಿನ ತಯಾರಕನ ಬಳಿ ಡ್ರೈವರ್ ಹುಡುಕಬಹುದು. ಮೊದಲು ಚಿಪ್‌ಸೆಟ್, ಆಮೇಲೆ ಉಳಿದದ್ದು ಎಂಬ ಕ್ರಮವನ್ನು ಪಾಲಿಸಿದರೆ ಅರ್ಧ ತೊಂದರೆ ತಾನಾಗಿಯೇ ತೀರುತ್ತದೆ. ಈಚಿನ ಇಂಟೆಲ್ ಯಂತ್ರಗಳಲ್ಲಿ ಟಚ್‌ಪ್ಯಾಡ್ ಸತ್ತಂತೆ ಬಿದ್ದಿದ್ದರೆ ಹಲವು ವೇಳೆ ಬೇಕಾಗಿರುವುದು ಸೀರಿಯಲ್ ಐಒ ಎಂಬ ಚಿಕ್ಕ ಡ್ರೈವರ್, ಹೊಸ ಟಚ್‌ಪ್ಯಾಡ್ ಅಲ್ಲ.

ನೆಟ್‌ವರ್ಕ್ ಡ್ರೈವರ್ ಇಲ್ಲದೆ ಅಂತರ್ಜಾಲವಿಲ್ಲ, ಅಂತರ್ಜಾಲವಿಲ್ಲದೆ ಆ ಡ್ರೈವರ್ ಇಲ್ಲ: ಬಾವಿಗೆ ಬಿದ್ದ ಕೊಡ ಎತ್ತುವ ಹಗ್ಗವೂ ಬಾವಿಯಲ್ಲೇ ಇರುವ ಸ್ಥಿತಿ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಬಹುತೇಕ ಈ ಗಂಟು ಬಿಚ್ಚುತ್ತದೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ ಮಾಡಬೇಕಾದ್ದು. ವಿಂಡೋಸ್ 10 ಮತ್ತು 11ರಲ್ಲಿ ‘ಪಿಎನ್‌ಪಿ-ಯುಟಿಲ್’ ಎಂಬ ಸಣ್ಣ ಸಾಧನ ಅಂತರ್ಗತವಾಗಿಯೇ ಇದೆ. ಅದರ ‘ಎಕ್ಸ್‌ಪೋರ್ಟ್-ಡ್ರೈವರ್’ ಆಜ್ಞೆ ಹೊರಗಿನಿಂದ ಬಂದ ಡ್ರೈವರ್‌ಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲಿಸಿಕೊಡುತ್ತದೆ. ಕಾಸು ಖರ್ಚಿಲ್ಲದ ಈ ಕೆಲಸವನ್ನು ಎಷ್ಟು ಅಂಗಡಿಗಳು ಗ್ರಾಹಕನಿಗೆ ಹೇಳಿಕೊಡುತ್ತವೆ?

ಕೀಲಿಮಣೆಯ ವಿಷಯದಲ್ಲಂತೂ ಅಜ್ಞಾನದ ಬೆಲೆ ಇನ್ನೂ ಹೆಚ್ಚು. ಯು, ಐ, ಓ ಒತ್ತಿದರೆ 4, 5, 6 ಮೂಡುವ ಲ್ಯಾಪ್‌ಟಾಪಿಗೆ ಯಾವ ರೋಗವೂ ಇಲ್ಲ. ನಮ್-ಲಾಕ್ ಆನ್ ಆಗಿದೆ, ಅಷ್ಟೆ. ಶಿಫ್ಟ್ ಜೊತೆ 2 ಒತ್ತಿದಾಗ ಇಮೇಲಿನ ‘ಅಟ್’ ಚಿಹ್ನೆಯ ಬದಲು ಉದ್ಧರಣ ಚಿಹ್ನೆ, 3 ಒತ್ತಿದಾಗ ಪೌಂಡ್ ಚಿಹ್ನೆ ಬಂದರೆ ಅನುಸ್ಥಾಪನೆಯ ವೇಳೆ ಬ್ರಿಟಿಷ್ ವಿನ್ಯಾಸ ಆಯ್ಕೆಯಾಗಿದೆ ಎಂದರ್ಥ. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೂ ಪೌಂಡು ಹೀಗೆ ಹಿಂಬಾಗಿಲಿನಿಂದ ನುಸುಳುತ್ತಿದೆ! ಭಾರತದಲ್ಲಿ ಮಾರಾಟವಾಗುವ ಕೀಲಿಮಣೆಗಳು ಸಾಮಾನ್ಯವಾಗಿ ಅಮೆರಿಕನ್ ವಿನ್ಯಾಸದವು; ಸೆಟ್ಟಿಂಗ್ಸಿನಲ್ಲಿ ಅದನ್ನು ಸೇರಿಸಿದರೆ ಮುಗಿಯಿತು. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಜಾಗೃತವಾಗಿ, ಪ್ರತಿ ಅಕ್ಷರವೂ ತಡವಾಗಿ ಮೂಡತೊಡಗುತ್ತದೆ. ಪರದೆಯ ಬೆಳಕು, ಧ್ವನಿಯ ಏರಿಳಿತದ ಎಫ್‌ಎನ್ ಕೀಲಿಗಳು ಕೆಲಸ ಮಾಡದಿದ್ದರೆ ಬೇಕಾದದ್ದು ತಯಾರಕರ ಹಾಟ್‌ಕೀ ತಂತ್ರಾಂಶ.

ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ನೇರ ಪರೀಕ್ಷೆ ಬಯೋಸ್‌ನಲ್ಲಿದೆ. ಯಂತ್ರ ಆರಂಭವಾಗುವಾಗಲೇ ತೆರೆದುಕೊಳ್ಳುವ ಆ ನೀರಸ ಪರದೆ ವಿಂಡೋಸಿನ ಡ್ರೈವರ್‌ಗಳ ಹಂಗಿನಲ್ಲಿಲ್ಲ. ಅಲ್ಲಿ ಕೀಲಿಗಳು ನೆಟ್ಟಗೆ ಕೆಲಸ ಮಾಡಿದರೆ ಕೀಲಿಮಣೆ ಸರಿಯಿದೆ, ತಪ್ಪು ತಂತ್ರಾಂಶದಲ್ಲಿದೆ. ಅಲ್ಲಿಯೂ ಕೆಲವು ಕೀಲಿಗಳು ಒಟ್ಟಾಗಿ ಮೌನ ತಾಳಿದ್ದರೆ ಒಳಗಿನ ಪದರದಲ್ಲಿ ಅವು ಹಂಚಿಕೊಂಡ ಗೆರೆಯೋ ರಿಬ್ಬನ್ ತಂತಿಯೋ ಕೆಟ್ಟಿರಬೇಕು. ಆಗಲೂ ಕೀಲಿಮಣೆಯೊಂದನ್ನೇ ಬದಲಿಸಿದರಾಯಿತು. ಅಗ್ಗದ ಯುಎಸ್‌ಬಿ ಕೀಲಿಮಣೆ ಜೋಡಿಸಿದರೂ ಓದು ನಿಲ್ಲುವುದಿಲ್ಲ. ಹಿಂದೆ ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತಿದ್ದ ಕೀಲಿಮಣೆಯನ್ನು ಈಗ ಹಲವು ಮಾದರಿಗಳಲ್ಲಿ ಮೇಲುಹೊದಿಕೆಗೆ ರಿವೆಟ್ ಹೊಡೆದು ಕೂರಿಸುತ್ತಾರೆ. ಒಂದು ಅಕ್ಷರ ಕೆಟ್ಟರೆ ಇಡೀ ಹೊದಿಕೆಯೇ ಬದಲಾಗಬೇಕು. ತೆಳುವಾಗಿ ಕಾಣಬೇಕೆಂಬ ಶೋಕಿಗೆ ಯಾರು ಬೆಲೆ ತೆರುತ್ತಿದ್ದಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕನ್ನಡ ಬರೆಯುವವರ ಪಾಡು ಇನ್ನೊಂದು ಬಗೆಯದು. ಹೊಸ ವಿಂಡೋಸ್ ಹಾಕಿದ ಮೇಲೆ ಹಳೆಯ ನುಡಿ ಕಡತಗಳನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಗ್ರಾಮಸಭೆಯ ನಡಾವಳಿ, ಸಂಘದ ಲೆಕ್ಕಪತ್ರ, ಊರಿನ ಗಿಡಮೂಲಿಕೆಗಳ ಪಟ್ಟಿ ಎಲ್ಲವೂ ಹಾಳಾಯಿತೆಂದು ಕಡತವನ್ನೇ ಅಳಿಸಿಬಿಡುವವರಿದ್ದಾರೆ. ಕಡತ ಹಾಳಾಗಿರುವುದಿಲ್ಲ, ಯೂನಿಕೋಡ್ ಪೂರ್ವದ ಸಂಕೇತದಲ್ಲಿ ಬರೆದ ಅದಕ್ಕೆ ಹಳೆಯ ಫಾಂಟ್ ಬೇಕು. ಫಾಂಟ್ ಮರಳಿ ಹಾಕಿ, ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದಿಟ್ಟರೆ ಮುಂದಿನ ಪೀಳಿಗೆಯೂ ಅದನ್ನು ಓದಬಹುದು. ಕೆ.ಪಿ. ರಾವ್ ಅವರು ರೂಪಿಸಿದ, ಕಗಪ ಎಂದೇ ಹೆಸರಾದ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳಿಗೆ ವಿಂಡೋಸ್ ಇನ್‌ಸ್ಕ್ರಿಪ್ಟ್ ಕೊಡುತ್ತದೆ, 2019ರಿಂದ ಫೊನೆಟಿಕ್ ವಿನ್ಯಾಸವನ್ನೂ ಕೊಡುತ್ತದೆ. ಕಗಪ ಬೇಕಾದರೆ ನುಡಿಯಂತಹ ತಂತ್ರಾಂಶವನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಅದು ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ. ಕೋಟ್ಯಂತರ ಕನ್ನಡಿಗರ ಮಾರುಕಟ್ಟೆಯಿರುವ ಕಂಪನಿಗೆ ಸಾಧ್ಯವಾಗದ್ದು ಸಂಬಳವಿಲ್ಲದೆ ದುಡಿದವರಿಗೆ ಸಾಧ್ಯವಾಯಿತು.

ಇಷ್ಟು ಸಣ್ಣ ದೋಷಗಳಿಗೇ ಯಂತ್ರಗಳು ಮೂಲೆಗುಂಪಾಗುತ್ತಿರುವಾಗ ಮೇಲಿನಿಂದ ದೊಡ್ಡ ಏಟೂ ಬಿದ್ದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರನ್ನೂ ಬೇಡುತ್ತದೆ. ಹೀಗಾಗಿ 2016ರಲ್ಲಿ ಸಾಲ ಮಾಡಿ ಕೊಂಡ, ಇಂದಿಗೂ ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪ್ ಒಂದು ಪ್ರಕಟಣೆಯಿಂದ ಹಳತಾಯಿತು. ಭದ್ರತೆಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯವೇ. ಆದರೆ ಆ ಭದ್ರತೆಯ ಖರ್ಚನ್ನು ಬಳಕೆದಾರನೂ ಭೂಮಿಯೂ ಭರಿಸಬೇಕೆಂದು ತೀರ್ಮಾನಿಸಿದವರು ಯಾರು? ಮನೆಬಳಕೆಯವರಿಗೆ ನೀಡಿದ ಹೆಚ್ಚುವರಿ ಭದ್ರತೆಯ ಅವಧಿಯೂ ಮೊದಲು ಒಂದೇ ವರ್ಷದ ಲೆಕ್ಕದ್ದು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಇ-ತ್ಯಾಜ್ಯ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹುಟ್ಟುಹಾಕಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ದೆಹಲಿಯ ಸೀಲಂಪುರದಂತಹ ಕಡೆ ಬೆಂಕಿಗೂ ಆಮ್ಲಕ್ಕೂ ಬೀಳುವಂಥದ್ದು. ಸೀಸ, ಕ್ಯಾಡ್ಮಿಯಂಗಳು ಬಡವರ ಉಸಿರಿಗೂ ನೀರಿಗೂ ಸೇರುತ್ತವೆ. ಇತ್ತ ಹೊಸ ಯಂತ್ರಕ್ಕಾಗಿ ಮತ್ತೊಂದು ಬೆಟ್ಟ ಅಗೆಯಲ್ಪಡುತ್ತದೆ. ಗಣಿಯ ಕೆಂಪು ಧೂಳನ್ನು ಕಂಡವರಿಗೆ ಈ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲಿಯೇ ಆಗುವುದರಿಂದ, ಇರುವುದನ್ನು ಇನ್ನೂ ಐದು ವರ್ಷ ನಡೆಸುವುದಕ್ಕಿಂತ ದೊಡ್ಡ ಉಳಿತಾಯವಿಲ್ಲ.

ಡ್ರೈವರ್ ಯಾರ ಸೊತ್ತು ಎಂಬ ಜಗಳ ಹೊಸದಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದರಲ್ಲಿ ಜೆರಾಕ್ಸ್ ಮುದ್ರಕವೊಂದು ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ನಡೆಸುವ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್ಮನ್ ಮೂಲಸಂಕೇತ ಕೇಳಿದಾಗ, ಗೌಪ್ಯತೆಯ ಒಪ್ಪಂದವನ್ನು ಮುಂದೊಡ್ಡಿ ನಿರಾಕರಿಸಲಾಯಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದುದಕ್ಕೆ ಈ ಅನುಭವವೂ ಒಂದು ಕಾರಣ. ಇಂದು ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ಲಿನೊಳಗೇ ಇರುವುದರಿಂದ ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿಯೂ ಹಳದಿ ಗುರುತುಗಳ ಬೇಟೆ ವಿರಳ. ಕೆಲವು ವೈ-ಫೈ ಚಿಪ್‌ಗಳು ಫರ್ಮ್‌ವೇರಿಗಾಗಿ ಕಾಡಿಸುವುದುಂಟು. 2023ರ ಡೆಬಿಯನ್ 12ರಿಂದ ಆ ಫರ್ಮ್‌ವೇರ್ ಅನುಸ್ಥಾಪನೆಯ ಕಡತದಲ್ಲಿಯೇ ಬರುತ್ತಿದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತಿವೆ. ಘಟ್ಟದ ಕೆಳಗೆ ಆಗುವುದು ಘಟ್ಟದ ಮೇಲೆ ಆಗದೇ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ವರ್ಷ ಜಾಲತಾಣವನ್ನೂ ತೆರೆಯಿತು. ಜಾಲತಾಣ ಸಾಲದು. ಮಾರಿದ ಪ್ರತಿ ಮಾದರಿಯ ಡ್ರೈವರ್‌ಗಳನ್ನು ಕನಿಷ್ಠ ಹತ್ತು ವರ್ಷ ಉಚಿತವಾಗಿ ಲಭ್ಯವಿಡುವುದು, ಬೆಂಬಲ ನಿಲ್ಲಿಸಿದ ದಿನವೇ ಅವುಗಳ ಮೂಲಸಂಕೇತವನ್ನು ಬಹಿರಂಗಗೊಳಿಸುವುದು, ಕೀಲಿಮಣೆಯನ್ನು ಸ್ಕ್ರೂನಿಂದಲೇ ಕೂರಿಸುವುದು ತಯಾರಕರಿಗೆ ಕಾನೂನಿನ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಪ್ರತಿ ಪ್ರೌಢಶಾಲೆ, ಕಾಲೇಜು, ಗ್ರಾಮ ಪಂಚಾಯಿತಿ ಗ್ರಂಥಾಲಯ ತನ್ನ ಯಂತ್ರಗಳ ಡ್ರೈವರ್‌ಗಳನ್ನೂ ನುಡಿ ಫಾಂಟುಗಳನ್ನೂ ಒಂದು ಲಿನಕ್ಸ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ತುಂಬಿ, ಹೆಸರು ಬರೆದು, ಕೇಳಿದವರಿಗೆಲ್ಲ ನಕಲಿಸಿಕೊಡಲಿ. ಮಳೆಗಾಲ ಹಿಡಿದು ಸಿಗ್ನಲ್ ಹೋಗುವ ಮೊದಲೇ ಅದು ಸಿದ್ಧವಾಗಿರಲಿ.