ಕಾಗಿಣಾ ತೀರದ ನಾವಿಕರು

ಸೇಡಂ ತಾಲ್ಲೂಕಿನ ನಮ್ಮ ಹಿರಿಯ ಮಿತ್ರರೊಬ್ಬರು ಲಿಂಗೈಕ್ಯರಾಗಿ ಈ ಮಾಸಕ್ಕೆ ವರ್ಷ ತುಂಬಿತು. ಅವರು ಹೆಸರಿಗೆ ಆಶಿಸಿದವರಲ್ಲ. ಮನೆಯವರ ಇಚ್ಛೆಯಂತೆ ಅವರ ನಾಮವನ್ನು ಇಲ್ಲಿ ನಮೂದಿಸುತ್ತಿಲ್ಲ.

ಕಡಲಿಗೂ ನಮ್ಮ ಸೀಮೆಗೂ ಏನು ಸಂಬಂಧ? ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟು, ಚಿತ್ತಾಪುರದ ತೊಗರಿ ಹೊಲ. ಇಲ್ಲಿಯ ಬಡವರ ಮಕ್ಕಳು ಬಲ್ಲ ಹಾದಿಗಳು ಇವೇ. ಮಹಾಪೂರದ ಕಾಗಿಣೆಗಿಂತ ಹಿರಿದಾದ ನೀರನ್ನು ಕಾಣದಿದ್ದ ಅವರು ಹದಿಹರೆಯದಲ್ಲಿಯೇ ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ ರೈಲು ಹತ್ತಿ ನೌಕಾಪಡೆ ಸೇರಿದರು. ರಜೆಯಲ್ಲಿ ಬಂದಾಗ ಆ ಬಿಳಿಯ ಸಮವಸ್ತ್ರವನ್ನು ನೋಡಲು ಬಾಲಕರಾದ ನಾವೆಲ್ಲ ಅವರ ಮನೆಯ ಕಟ್ಟೆಯ ಮುಂದೆ ನೆರೆಯುತ್ತಿದ್ದೆವು.

ಹದಿನೈದು ವರ್ಷಗಳ ಸೇವೆ ಮುಗಿಸಿ ನಿವೃತ್ತಿವೇತನದೊಡನೆ ಮರಳಿದರು. ಅಷ್ಟು ಕಾಲ ಮಕ್ಕಳನ್ನು ಸಲಹಿ ಹೊಲಮನೆ ನಡೆಸಿದವರು ಚಿಂಚೋಳಿಯಿಂದ ಬಂದ ಅವರ ಧರ್ಮಪತ್ನಿ. “ಹಿರೀ ಮಗಳು ನನ್ನ ನೋಡಿ, ಯವ್ವಾ, ಯಾರೋ ಬಂದಾರ ಅಂತ ಒಳಗ ಓಡಿದಳ್ರೀ” ಎಂದು ನಗುತ್ತಲೇ ಹೇಳುತ್ತಿದ್ದರು. ಆದರೆ ಅನಂತರ ಒಂದು ರಾತ್ರಿಯನ್ನೂ ಮನೆಯ ಹೊರಗೆ ಕಳೆಯಲು ಒಪ್ಪುತ್ತಿರಲಿಲ್ಲ.

ಹಡಗಿನ ಸುತ್ತ ಜಲರಾಶಿಯಿದ್ದರೂ ಸಿಹಿನೀರು ಅಳತೆಯದು. ಕಡಲ ನೀರನ್ನು ಆವಿಮಾಡಿ ಇಳಿಸಿಕೊಳ್ಳಬೇಕು. ಕೊಳವೆಬಾವಿ ಬತ್ತುವ ನಮ್ಮ ಬೇಸಗೆಯಲ್ಲಿ ಎಲ್ಲರೂ ಕಂಗೆಟ್ಟರೂ ಅವರಿಗೆ ಒಂದು ತಂಬಿಗೆಯಲ್ಲಿ ಮುಖ ತೊಳೆಯುವುದೂ ಲಿಂಗಮಜ್ಜನವೂ ಮುಗಿಯುತ್ತಿದ್ದವು.

1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ತೊರೆಯದೆ ಅದರೊಡನೆಯೇ ಮುಳುಗಿದರು. ಮಡಿದವರೊಳಗೆ, ತರಬೇತಿಯ ದಿನಗಳಲ್ಲಿ ನಮ್ಮ ಮಿತ್ರರೊಡನೆ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನೊಬ್ಬನಿದ್ದ.

ಒಮ್ಮೆ ಕೇಳಿದರು: “ನಮಗೆಲ್ಲ ಮಣ್ಣು ಸಿಗತದ್ರೀ. ಅಂವಗ ಸಿಗಲಿಲ್ಲ. ಅಂವನ ಗತಿ ಏನು ಶಾಸ್ತ್ರಿಗಳ್ರೀ?”

ಮಠದಲ್ಲಿ ಕಲಿತ ಪಂಚಭೂತಗಳ ಪಾಠವನ್ನು ಒಪ್ಪಿಸಿದೆವು. ಕೇಳಿ ಸುಮ್ಮನಾದರು. ಅದು ಉತ್ತರವಲ್ಲವೆಂಬುದು ನಮಗೂ ತಿಳಿದಿತ್ತು.

1999ರಲ್ಲಿ ದೀವ್‌ನಲ್ಲಿ ಖುಕ್ರಿಯ ಸ್ಮಾರಕವಾಯಿತು. ಕಡಲಿಗೆದುರಾಗಿ, ಗಾಜಿನ ಮನೆಯೊಳಗೆ ಆ ಹಡಗಿನ ಪ್ರತಿಕೃತಿಯಿದೆ. ಕೆಲವು ವರ್ಷಗಳ ತರುವಾಯ, ಮನೆ ಬಿಟ್ಟು ಕದಲದ ಅವರು ಪತ್ನೀಸಮೇತ ಅಲ್ಲಿಗೆ ಹೋಗಿಬಂದರು. ಗಂಟಿನಲ್ಲಿ ತಮ್ಮ ತೊಗರಿ ಹೊಲದ ಒಂದು ಹಿಡಿ ಎರೆಮಣ್ಣು, ಒಂದು ವಿಭೂತಿ ಗಟ್ಟಿ. ಎರಡನ್ನೂ ಕಡಲಿಗೆ ಒಪ್ಪಿಸಿದರಂತೆ. ಶಾಸ್ತ್ರದಲ್ಲಿ ಇಂಥ ವಿಧಿಯನ್ನು ನಾವು ಓದಿಲ್ಲ. ಕೂಡದೆಂದು ಹೇಳುವ ಧೈರ್ಯವೂ ನಮಗಿಲ್ಲ.

ಪ್ರತಿ ಡಿಸೆಂಬರ್ 9ರಂದು ಮಠದ ದಾಸೋಹದಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದರು. ಹಸಿದು ಬಂದವರು ಯಾರೇ ಇರಲಿ, ಅದರ ಮುಂದೆ ಕುಳ್ಳಿರಿಸಿ ತಾವೇ ಬಡಿಸುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಆ ಎಲೆಯನ್ನು ಹಾಕಿಸಿದವರು ಅವರ ಧರ್ಮಪತ್ನಿ. ಬಡಿಸುವ ಪಾಳಿ ನಮ್ಮದಾಯಿತು.