ಗೇಟಿನ ಹೊಣೆ ಯಾರದು?

ಐಪಿಎಲ್‌ನಲ್ಲಿ ಎಲ್ಲದಕ್ಕೂ ಒಬ್ಬ ಮಾಲೀಕನಿದ್ದಾನೆ. ತಂಡಕ್ಕೆ ಫ್ರಾಂಚೈಸಿ, ಜೆರ್ಸಿಯ ಎದೆಗೆ ಪ್ರಾಯೋಜಕ, ನಡುವೆ ಬರುವ ಟೈಮ್‌ಔಟ್‌ಗೂ ಒಂದು ಕಂಪನಿಯ ಹೆಸರು. 2023ರಿಂದ 2027ರವರೆಗಿನ ಪಂದ್ಯಗಳ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಯಾರಿಗೆ ಎಷ್ಟು ಎಂಬ ವಿಷಯದಲ್ಲಿ ಇಲ್ಲಿ ಗೊಂದಲವೇ ಇಲ್ಲ. ಆದರೆ ಕ್ರೀಡಾಂಗಣದ ಗೇಟಿನ ಹೊರಗೆ ನಿಂತ ಅಭಿಮಾನಿಯ ಜೀವದ ಹೊಣೆ ಯಾರದು ಎಂದು ಕೇಳಿ ನೋಡಿ, ಎಲ್ಲರೂ ಪಕ್ಕದವರತ್ತ ಕೈ ತೋರಿಸುತ್ತಾರೆ.

2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದಿತು. ‘ಈ ಸಲ ಕಪ್ ನಮ್ದೇ’ ಎಂದು ಪ್ರತಿವರ್ಷ ಕೂಗಿ, ಪ್ರತಿವರ್ಷ ಗೇಲಿಗೊಳಗಾಗಿದ್ದ ನಮ್ಮ ತಲೆಮಾರಿಗೆ 18 ವರ್ಷಗಳ ಬಳಿಕ ಬಂದ ಕಪ್ ಅದು. ಮರುದಿನ ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. 11 ಮಂದಿ ಮೃತಪಟ್ಟರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಮೂವತ್ತು ದಾಟದವರು. ಅಂದರೆ ನಮ್ಮ ನಿಮ್ಮಂಥವರೇ.

ಆಮೇಲೆ ನಡೆದದ್ದನ್ನು ನೋಡಿ. ಫ್ರಾಂಚೈಸಿ ಅನುಮತಿ ಪಡೆಯದೆ ಸಾಮಾಜಿಕ ಜಾಲತಾಣದಲ್ಲಿ ಜನರನ್ನು ಕರೆಯಿತು ಎಂದು ಸರ್ಕಾರ ಹೇಳಿತು. ಗೇಟುಗಳನ್ನು ತಡವಾಗಿ ತೆರೆದದ್ದೇ ನೂಕುನುಗ್ಗಲಿಗೆ ಕಾರಣ ಎಂದು ಫ್ರಾಂಚೈಸಿ ವಾದಿಸಿತು. ಜನಸಂದಣಿ ನಿರ್ವಹಣೆ ತನ್ನ ಕೆಲಸವಲ್ಲ ಎಂದು ರಾಜ್ಯ ಕ್ರಿಕೆಟ್ ಸಂಸ್ಥೆ ಹೇಳಿತು. ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಹಿರಿಯ ಅಧಿಕಾರಿಗಳು ಅಮಾನತಾದರು. ಅವರಲ್ಲಿ ಒಬ್ಬರ ಅಮಾನತನ್ನು ಜುಲೈ 1ರಂದು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ರದ್ದುಪಡಿಸಿತು. ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ ಎಂದಿತು. ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾ ಆಯೋಗವಂತೂ ಈ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ ಎಂದು ವರದಿ ಕೊಟ್ಟಿತು. ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು.

ಇದು ಕ್ರಿಕೆಟ್‌ನ ರೋಗವಷ್ಟೇ ಅಲ್ಲ. 2024ರ ಡಿಸೆಂಬರ್ 4ರಂದು ಹೈದರಾಬಾದ್‌ನ ಸಂಧ್ಯಾ ಚಿತ್ರಮಂದಿರದಲ್ಲಿ ‘ಪುಷ್ಪ 2’ ಪ್ರೀಮಿಯರ್ ವೇಳೆ ನೂಕುನುಗ್ಗಲಿನಲ್ಲಿ ಮಹಿಳೆಯೊಬ್ಬರು ಸತ್ತರು. ನಾಯಕ ನಟ ಅಲ್ಲು ಅರ್ಜುನ್ ಬಂಧನವೂ ಆಯಿತು. ಅಲ್ಲಿಯೂ ಚಿತ್ರಮಂದಿರ, ನಟ, ಪೊಲೀಸರ ನಡುವೆ ಇದೇ ಹಗ್ಗಜಗ್ಗಾಟ.

ಇಂಥ ಸಾವುಗಳಿಗೆ ನಾವು ಕೊಡುವ ಹೆಸರು ‘ಕಾಲ್ತುಳಿತ’. ಬಿ.ಇ. ವಿದ್ಯಾರ್ಥಿಯಾಗಿ ಈ ಪದವೇ ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. ಯಾರೋ ಶಿಸ್ತಿಲ್ಲದೆ ಓಡಿದರು, ಇನ್ಯಾರನ್ನೋ ತುಳಿದರು ಎಂಬ ಚಿತ್ರ ಅದರಲ್ಲಿದೆ. ನಿಜಕ್ಕೂ ಇಂಥ ಕಡೆ ಬಹಳಷ್ಟು ಜನ ಸಾಯುವುದು ಎದೆಯ ಮೇಲೆ ಒತ್ತಡ ಬಿದ್ದು ಉಸಿರಾಡಲಾಗದೆ; ಕೆಲವರು ನಿಂತಲ್ಲೇ. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನ ಸೇರಿದರೆ ಗುಂಪು ದ್ರವದ ಹಾಗೆ ಚಲಿಸತೊಡಗುತ್ತದೆ. ಆಗ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂದು ಗೊತ್ತೂ ಆಗುವುದಿಲ್ಲ. ಗೇಟಿನ ಅಗಲ, ತೆರೆಯುವ ಸಮಯ, ಒಳಬರುವವರ ಲೆಕ್ಕ ಇವೆಲ್ಲ ಮೊದಲೇ ನಿರ್ಧಾರವಾಗಬೇಕಾದ ಸಂಗತಿಗಳು. ಇದು ಶಿಸ್ತಿನ ಪಾಠವಲ್ಲ, ಲೆಕ್ಕದ ಪಾಠ.

ಹಾಗಾದರೆ ನಮ್ಮಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಬೆಂಗಳೂರಿನಲ್ಲಿ ಸಭೆ, ಮೆರವಣಿಗೆಗಳಿಗೆ ಮುಂಚಿತವಾಗಿ ಅರ್ಜಿ ಹಾಕಿ ಪರವಾನಗಿ ಪಡೆಯಬೇಕೆಂಬ ಆದೇಶ 2009ರಿಂದಲೇ ಇದೆ. ನಮ್ಮ ಕಾಲೇಜಿನ ಫೆಸ್ಟ್‌ಗೆ ಧ್ವನಿವರ್ಧಕ ಹಾಕಲು ನಾವೇ ಪೊಲೀಸ್ ಠಾಣೆಗೆ ಪತ್ರ ಹಿಡಿದು ಓಡಾಡುತ್ತೇವೆ. ಪತ್ರದ ಕೊನೆಯಲ್ಲಿ ಜವಾಬ್ದಾರಿ ಹೊತ್ತ ಅಧ್ಯಾಪಕರ ಹೆಸರು, ಸಹಿ ಇರಲೇಬೇಕು. ಕಪ್ ಗೆದ್ದ ಸಂಭ್ರಮಕ್ಕೆ ಇಷ್ಟೂ ಬೇಡವೇ?

ಬ್ರಿಟನ್ ಈ ಪಾಠವನ್ನು ಎರಡು ಸಲ ಕಲಿಯಬೇಕಾಯಿತು. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 66 ಜನ ಸತ್ತ ಮೇಲೆ, 1975ರಲ್ಲಿ ಕಾಯ್ದೆ ಬಂತು. ದೊಡ್ಡ ಕ್ರೀಡಾಂಗಣಗಳಿಗೆ ಎಷ್ಟು ಜನರನ್ನು ಬಿಡಬಹುದು ಎಂದು ನಮೂದಿಸಿದ ಸುರಕ್ಷತಾ ಪ್ರಮಾಣಪತ್ರ ಕಡ್ಡಾಯವಾಯಿತು. ಆದರೂ 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ಕಾರಣಗಳಲ್ಲಿ ಒಂದು, ಅಲ್ಲಿನ ಪ್ರಮಾಣಪತ್ರ ಹಳತಾಗಿತ್ತು. ಕ್ರೀಡಾಂಗಣ ಬದಲಾದರೂ ಅದನ್ನು ತಿದ್ದಿರಲಿಲ್ಲ. ಕುಡಿದ ಅಭಿಮಾನಿಗಳದ್ದೇ ತಪ್ಪು ಎಂದು ಆಗಲೂ ದೂಷಿಸಿದ್ದರು. ಅಭಿಮಾನಿಗಳ ತಪ್ಪಿಲ್ಲ ಎಂದು ಜ್ಯೂರಿ ತೀರ್ಮಾನಿಸಲು 2016 ಬರಬೇಕಾಯಿತು.

ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ಎರಡು ಹೆಜ್ಜೆಗಳು ಕಂಡವು. ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಗಮನ ಒಕ್ಕೂಟಗಳ ಚುನಾವಣೆ, ಕ್ರೀಡಾಪಟುಗಳ ಪ್ರಾತಿನಿಧ್ಯ, ವ್ಯಾಜ್ಯಗಳಿಗೆ ನ್ಯಾಯಮಂಡಳಿ ಇವುಗಳ ಮೇಲೆ. ಎಲ್ಲವೂ ಬೇಕಾದದ್ದೇ, ಆದರೆ ಪ್ರೇಕ್ಷಕ ಅಲ್ಲಿ ಮುಖ್ಯನಲ್ಲ. ಅವನ ಬಗ್ಗೆ ಮಾತಾಡುವುದು ರಾಜ್ಯ ಸರ್ಕಾರ ಮಂಡಿಸಿದ ಜನಸಂದಣಿ ನಿಯಂತ್ರಣ ಮಸೂದೆ. ಜನರ ಸಂಖ್ಯೆಗೆ ತಕ್ಕಂತೆ ಅನುಮತಿ ಕೊಡುವ ಅಧಿಕಾರಿ ಯಾರೆಂದು ಅದು ಹೇಳುತ್ತದೆ. 50 ಸಾವಿರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಆಯೋಜಕರು 1 ಕೋಟಿ ರೂಪಾಯಿಯ ಮುಚ್ಚಳಿಕೆ ಬರೆದುಕೊಡಬೇಕು ಎನ್ನುತ್ತದೆ.

ಒಳ್ಳೆಯದೇ. ಆದರೆ ಶಿಕ್ಷೆ, ದಂಡಗಳೆಲ್ಲ ಸಾವಿನ ನಂತರದ ಮಾತು. ನನ್ನ ಪ್ರಕಾರ ಬೇಕಿರುವುದು ಸರಳ: ಪ್ರತಿ ಕಾರ್ಯಕ್ರಮಕ್ಕೂ ಒಬ್ಬ ಸುರಕ್ಷತಾ ಅಧಿಕಾರಿ, ಗೇಟುವಾರು ಜನರ ಮಿತಿ, ಅದರ ಕೆಳಗೆ ಅವರ ಸಹಿ. ಮಿತಿ ಮೀರಿದರೆ ಮುಖ್ಯಮಂತ್ರಿ ಬಂದಿರಲಿ, ನಾಯಕ ನಟ ಬಂದಿರಲಿ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಆ ಕಾಗದ ಟಿಕೆಟ್ ಮಾರುವ ಆ್ಯಪ್‌ನಲ್ಲೇ ಎಲ್ಲರಿಗೂ ಕಾಣಬೇಕು. ಕೆಲಸ ಹುಡುಕುತ್ತಿರುವ ನಮ್ಮಂಥ ಸಿವಿಲ್, ಕಂಪ್ಯೂಟರ್ ಸೈನ್ಸ್ ಹುಡುಗ-ಹುಡುಗಿಯರಿಗೆ ಇದೊಂದು ಉದ್ಯೋಗದ ದಾರಿಯೂ ಹೌದು.

ಪಂದ್ಯವಿರಲಿ, ಸಂಗೀತ ಸಂಜೆಯಿರಲಿ, ಟಿಕೆಟ್ ಬುಕ್ ಮಾಡುವಾಗ ಸೀಟು ಎಲ್ಲಿದೆ ಎಂದು ಮಾತ್ರ ನೋಡುತ್ತೇವೆ. ಇನ್ನು ಮುಂದೆ ಗೇಟಿನ ಹೊಣೆ ಯಾರದು ಎಂದೂ ಆಯೋಜಕರನ್ನು ಕೇಳೋಣ. ಉತ್ತರವಾಗಿ ಮೂರು ಸಂಸ್ಥೆಗಳ ಹೆಸರು ಬಂದರೆ ಒಪ್ಪಬೇಡಿ, ಒಬ್ಬರ ಹೆಸರು ಕೇಳಿ.